ಡಿಸ್ಕ್ ಮಾತಾಡದೆ ಕೂತಾಗ ಡ್ರೈವರ್ ಏನು ಮಾಡಬೇಕು?

ಪ್ರಶ್ನೆ: ಕಲಿಯುವ ಆಸೆಯಿಂದ ಒಂದು ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಬರೆಯುತ್ತಿದ್ದೇನೆ. ಎಎಚ್‌ಸಿಐ ಕಂಟ್ರೋಲರ್ (ಸಾಟಾ ಡಿಸ್ಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಯಂತ್ರಾಂಶ) ಮೂಲಕ ಸಾಟಾ ಡಿಸ್ಕ್ ಓದಿ ಬರೆಯುವ ಡ್ರೈವರನ್ನೂ ಮಾಡಿದ್ದೇನೆ. ಎರರ್ ಬಂದರೆ ಅದೇ ಕಮಾಂಡನ್ನು ಮೂರು ಸಲ ಮತ್ತೆ ಕಳಿಸುತ್ತೇನೆ. ಐದು ಸೆಕೆಂಡಾದರೂ ಉತ್ತರ ಬರದಿದ್ದರೆ ಟೈಮೌಟ್ ಎಂದುಕೊಂಡು, ಬಫರ್ ಬಿಡುಗಡೆ ಮಾಡಿ ಮೇಲಿನ ಪದರಕ್ಕೆ ಎರರ್ ಕೊಡುತ್ತೇನೆ. ಒಳ್ಳೆಯ ಡಿಸ್ಕಿನಲ್ಲಿ ಏನೂ ತೊಂದರೆಯಿಲ್ಲ. ಬ್ಯಾಡ್ ಸೆಕ್ಟರ್ ಇರುವ ಹಳೆಯ ಡಿಸ್ಕ್ ಹಾಕಿದರೆ ಮಾತ್ರ, ಸ್ವಲ್ಪ ಹೊತ್ತಿನ ಮೇಲೆ ಡಿಸ್ಕಿಗೆ ಸಂಬಂಧವೇ ಇಲ್ಲದ ಕಡೆ ಕರ್ನಲ್ ಕ್ರ್ಯಾಶ್ ಆಗುತ್ತದೆ. ಅದೇ ಡಿಸ್ಕನ್ನು ಲಿನಕ್ಸ್‌ಗೆ ಹಾಕಿದರೆ ಕ್ರ್ಯಾಶ್ ಇಲ್ಲ, ಆದರೆ ಮೆಷಿನ್ ನಿಮಿಷಗಟ್ಟಲೆ ಸ್ತಬ್ಧ. ರೀಟ್ರೈ ಎಷ್ಟು ಸಲ ಮಾಡಬೇಕು? ರೀಸೆಟ್ ಯಾವಾಗ ಮಾಡಬೇಕು?

ಉತ್ತರ: ಕ್ರ್ಯಾಶಿನಿಂದಲೇ ಶುರು ಮಾಡೋಣ. ನಿಮ್ಮ ಉಳಿದೆರಡು ಪ್ರಶ್ನೆಗಳ ಉತ್ತರವೂ ಅದರೊಳಗೇ ಇದೆ.

ಟೈಮೌಟ್ ಆದೊಡನೆ ಬಫರ್ ಬಿಡುಗಡೆ ಮಾಡುತ್ತೇನೆ ಎಂದಿದ್ದೀರಿ. ಕರ್ನಲ್ ಕೆಡುತ್ತಿರುವುದು ಆ ಒಂದು ಸಾಲಿನಿಂದ. ಏನಾಗುತ್ತಿದೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡಿ. ಕಮಾಂಡ್ ಟೇಬಲಿನಲ್ಲಿ ನೀವು ಬಫರಿನ ಭೌತಿಕ ವಿಳಾಸ ಬರೆದು, ಆ ಕಮಾಂಡ್ ಕೂತ ಸ್ಲಾಟಿನ ಬಿಟ್ ಏರಿಸುತ್ತೀರಿ. ಕಂಟ್ರೋಲರ್ ಕಮಾಂಡನ್ನು ಡಿಸ್ಕಿಗೆ ದಾಟಿಸುತ್ತದೆ. ಡಿಸ್ಕಿಗೆ ಆ ಸೆಕ್ಟರ್ ಸರಿಯಾಗಿ ಓದಲು ಬರುತ್ತಿಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಐದು ಸೆಕೆಂಡ್ ಎಂದರೆ 600 ಸುತ್ತು. ಪ್ರತಿ ಸುತ್ತಿಗೂ ಆ ಸೆಕ್ಟರ್ ಹೆಡ್ಡಿನ ಕೆಳಗೆ ಬರುತ್ತದೆ, ಡಿಸ್ಕ್ ಹೆಡ್ಡನ್ನು ತುಸುವೇ ಆಚೀಚೆ ಸರಿಸಿ, ಇಸಿಸಿ ಲೆಕ್ಕವನ್ನು (ಓದಿನ ತಪ್ಪು ತಿದ್ದುವ ಲೆಕ್ಕ) ಇನ್ನಷ್ಟು ಆಳವಾಗಿ ಮಾಡಿ ನೋಡುತ್ತಲೇ ಇರುತ್ತದೆ. ಇಷ್ಟರಲ್ಲಿ ನಿಮ್ಮ ಟೈಮರ್ ಹೊಡೆಯಿತು. ಬಫರ್ ಬಿಟ್ಟಿರಿ. ಮೆಮೊರಿ ಅಲೊಕೇಟರ್ ಆ ಪೇಜನ್ನು ಬೇರೆ ಯಾರಿಗೋ ಕೊಟ್ಟಿತು, ಒಂದು ಪ್ರೋಸೆಸಿನ ಪೇಜ್ ಟೇಬಲಿಗೆ (ಅದರ ಮೆಮೊರಿ ಎಲ್ಲೆಲ್ಲಿದೆ ಎಂಬ ಪಟ್ಟಿಗೆ) ಎಂದುಕೊಳ್ಳಿ. ಒಂಬತ್ತನೇ ಸೆಕೆಂಡಿಗೆ ಡಿಸ್ಕಿನ ಪ್ರಯತ್ನ ಫಲಿಸಿತು. ಓದಿದ ಡೇಟಾವನ್ನು ಕಂಟ್ರೋಲರ್ ಡಿಎಂಎ ಮೂಲಕ, ಅಂದರೆ ಸಿಪಿಯುವಿನ ನೆರವಿಲ್ಲದೆ ನೇರವಾಗಿ, ನೀವು ಮೊದಲು ಹೇಳಿದ್ದ ವಿಳಾಸಕ್ಕೇ ಸುರಿಯಿತು. ಆ ವಿಳಾಸದಲ್ಲಿ ಈಗ ಪೇಜ್ ಟೇಬಲ್ ಇದೆ.

ಡಿಸ್ಕ್ ಇಲ್ಲಿ ತಪ್ಪು ಮಾಡಿಲ್ಲ. ಒಪ್ಪಿಕೊಂಡ ಕೆಲಸವನ್ನು ತಡವಾಗಿಯಾದರೂ ಮುಗಿಸಿದೆ. ಆ ಕೆಲಸ ಬೇಡ ಎಂದು ಅದಕ್ಕೆ ಯಾರೂ ಹೇಳಿಲ್ಲ.

ಇದೇ ಕಾರಣವೆಂದು ಖಚಿತ ಮಾಡಿಕೊಳ್ಳುವುದು ಸುಲಭ. ಮುಂದಿನ ಸಲ ಕ್ರ್ಯಾಶ್ ಆದಾಗ ಕೆಟ್ಟ ಪೇಜನ್ನು ಡಂಪ್ ಮಾಡಿ, ಟೈಮೌಟ್ ಆದ ಎಲ್‌ಬಿಎಯ (ಸೆಕ್ಟರ್ ಸಂಖ್ಯೆಯ) ಸುತ್ತಮುತ್ತಲ ಸೆಕ್ಟರುಗಳ ಜೊತೆ ಹೋಲಿಸಿ. ಕೆಟ್ಟ ಭಾಗದ ಉದ್ದ 512 ಬೈಟಿನ, ಅಂದರೆ ಒಂದು ಸೆಕ್ಟರಿನ, ಪಟ್ಟುಗಳಲ್ಲಿದ್ದು, ಒಳಗಿರುವುದು ಯಾವುದೋ ಫೈಲಿನ ತುಣುಕಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಓದು ಕೊನೆಗೆ ವಿಫಲವಾದರೂ ಹೀಗಾಗಬಹುದು, ಏಕೆಂದರೆ ಕೆಟ್ಟ ಸೆಕ್ಟರಿನ ಹಿಂದಿನ ಒಳ್ಳೆಯ ಸೆಕ್ಟರುಗಳ ಡೇಟಾ ಅಷ್ಟರಲ್ಲಿ ವರ್ಗವಾಗಿರುತ್ತದೆ. ಐಒಎಂಎಂಯು (ಸಾಧನಗಳು ಯಾವ ಮೆಮೊರಿ ಮುಟ್ಟಬಹುದೆಂದು ಮಿತಿ ಹಾಕುವ ಘಟಕ) ಇರುವ ಯಂತ್ರದಲ್ಲಿ ಮ್ಯಾಪಿಂಗ್ ತೆಗೆದಿದ್ದರೆ ಮೆಮೊರಿ ಕೆಡುವ ಬದಲು ಫಾಲ್ಟ್ ಬರುತ್ತದೆ. ಆದರೆ ಅದನ್ನು ನಂಬಿ ಡ್ರೈವರ್ ಬರೆಯಬಾರದು.

ನನ್ನ ಅನುಭವದಲ್ಲಿ ಡಿಸ್ಕ್ ಡ್ರೈವರ್ ಬರೆಯುವವರೆಲ್ಲ ಎಡವುವುದು ಇಲ್ಲಿಯೇ. ಎರರ್ ಎಂದು ಉತ್ತರ ಕೊಡುವ ಡಿಸ್ಕನ್ನು ನಿಭಾಯಿಸುವುದು ಕಷ್ಟವಲ್ಲ. ಏನಾಯಿತೆಂದು ಅದೇ ಹೇಳಿದೆ, ಕಮಾಂಡ್ ಮುಗಿದಿದೆ, ಬಫರ್ ನಿಮ್ಮ ಕೈಗೆ ವಾಪಸ್ ಬಂದಿದೆ. ಮಾತಾಡದೆ ಕೂತ ಡಿಸ್ಕ್ ಹಾಗಲ್ಲ. ಟೈಮೌಟ್ ನಿಮಗೆ ತಿಳಿಸುವುದು ‘ಇನ್ನೂ ಗೊತ್ತಿಲ್ಲ’ ಎಂಬುದನ್ನು ಮಾತ್ರ. ಕೆಲಸ ಆಗಿಲ್ಲ ಎಂದು ಅದು ಹೇಳುವುದಿಲ್ಲ. ಹಾಗಾಗಿ ಟೈಮೌಟ್ ಆದಮೇಲೆ ಡ್ರೈವರಿನ ಮೊದಲ ಕೆಲಸ ರೀಟ್ರೈಯೂ ಅಲ್ಲ, ಎರರ್ ಹಿಂದಿರುಗಿಸುವುದೂ ಅಲ್ಲ. ಆ ಬಫರಿನ ಒಡೆತನವನ್ನು ಹಾರ್ಡ್‌ವೇರಿನಿಂದ ಬಿಡಿಸಿಕೊಳ್ಳುವುದು. ರೀಸೆಟ್ ಇರುವುದೇ ಅದಕ್ಕೆ.

ಬರೆಯುವ ಕಮಾಂಡಿನಲ್ಲಿ ಇದೇ ತಪ್ಪು ಇನ್ನೂ ಘೋರ. ಒಂದು ಬ್ಲಾಕಿಗೆ ಹಳೆಯ ಡೇಟಾ ಬರೆಯಲು ಕಳಿಸಿದಿರಿ, ಟೈಮೌಟ್ ಆಯಿತು, ಎರರ್ ಕೊಟ್ಟು ಕೈ ತೊಳೆದುಕೊಂಡಿರಿ. ಫೈಲ್ ಸಿಸ್ಟಮ್ ಸ್ವಲ್ಪ ಹೊತ್ತು ಬಿಟ್ಟು ಅದೇ ಬ್ಲಾಕಿಗೆ ಹೊಸ ಡೇಟಾ ಬರೆಯಿತು, ಅದು ಯಶಸ್ವಿಯಾಯಿತು. ಆಮೇಲೆ ಡಿಸ್ಕಿನೊಳಗೆ ಇನ್ನೂ ಜೀವಂತವಾಗಿದ್ದ ಹಳೆಯ ಕಮಾಂಡ್ ಮುಗಿದು ಹೊಸದರ ಮೇಲೆ ಹಳೆಯದನ್ನು ಬರೆಯಿತು. ಯಾವ ಲಾಗಿನಲ್ಲೂ ಇದರ ಸುಳಿವಿರುವುದಿಲ್ಲ. ತಿಂಗಳುಗಳ ನಂತರ ಯಾರೋ ಫೈಲ್ ತೆರೆದಾಗ ಗೊತ್ತಾಗುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಹಳ್ಳವಿದೆ: ಟ್ಯಾಗ್, ಅಂದರೆ ಕಮಾಂಡಿನ ಗುರುತಿನ ಸಂಖ್ಯೆ. ಟೈಮೌಟ್ ಆದ ಕಮಾಂಡಿನ ಸ್ಲಾಟ್ ಸಂಖ್ಯೆಯನ್ನು ತಕ್ಷಣ ಬೇರೆ ಕಮಾಂಡಿಗೆ ಕೊಟ್ಟರೆ, ಹಳೆಯದರ ತಡವಾದ ‘ಮುಗಿಯಿತು’ ಸಂದೇಶ ಹೊಸದರ ಲೆಕ್ಕಕ್ಕೆ ಬೀಳುತ್ತದೆ. ಇನ್ನೂ ಶುರುವೇ ಆಗದ ಓದು ‘ಆಯಿತು’ ಎಂದು ಮೇಲಕ್ಕೆ ಹೋಗುತ್ತದೆ, ಬಫರಿನಲ್ಲಿ ಕಸ. ಲಿನಕ್ಸಿನ ಎನ್‌ವಿಎಂಇ (ಹೊಸ ಬಗೆಯ ಎಸ್‌ಎಸ್‌ಡಿಗಳ) ಡ್ರೈವರ್ ಇದನ್ನು ಹಿಡಿಯಲೆಂದೇ 16 ಬಿಟ್‌ಗಳ ಕಮಾಂಡ್ ಐಡಿಯಲ್ಲಿ ಮೇಲಿನ 4 ಬಿಟ್‌ಗಳನ್ನು ಒಂದು ತಲೆಮಾರಿನ ಎಣಿಕೆಗೆ ಮೀಸಲಿಟ್ಟಿದೆ. ಟ್ಯಾಗ್ ಅದೇ ಆದರೂ ತಲೆಮಾರು ಬೇರೆಯಾಗಿದ್ದರೆ ಆ ಸಂದೇಶವನ್ನು ನಂಬುವುದಿಲ್ಲ.

ಟೈಮರ್ ಮತ್ತು ಇಂಟರಪ್ಟ್ ಒಂದೇ ಗಳಿಗೆಯಲ್ಲಿ ಬರುವುದೂ ಉಂಟು. ಒಂದು ಸಿಪಿಯುನಲ್ಲಿ ಟೈಮೌಟ್ ಹ್ಯಾಂಡ್ಲರ್, ಇನ್ನೊಂದರಲ್ಲಿ ಕಮಾಂಡ್ ಮುಗಿದ ಇಂಟರಪ್ಟ್. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಮಾಂಡ್ ಸೇರಬೇಕು. ಕಮಾಂಡಿನೊಳಗೆ ಒಂದು ಬಿಟ್ ಇಟ್ಟು, ಅಟಾಮಿಕ್ ಆಗಿ ‘ನೋಡಿ, ಏರಿಸು’ ಮಾಡಿ. ಮೊದಲು ಏರಿಸಿದವರದ್ದು ಕಮಾಂಡ್, ಎರಡನೆಯವರು ಸುಮ್ಮನೆ ಹಿಂದೆ ಸರಿಯಬೇಕು. ಲಿನಕ್ಸಿನ ಸ್ಕಸಿ ಪದರದಲ್ಲೂ (ಸಾಟಾ ಡಿಸ್ಕುಗಳೂ ಅದರಡಿಯೇ ಬರುತ್ತವೆ) ಇಷ್ಟೇ ಇರುವುದು. ಇನ್ನೊಂದು ಮಾತು: ಟೈಮೌಟ್ ಆದಾಗ ರೀಸೆಟ್ಟಿಗೆ ಕೈ ಹಾಕುವ ಮುನ್ನ ಒಮ್ಮೆ ಕಂಟ್ರೋಲರಿನ ರಿಜಿಸ್ಟರ್ ನೋಡಿ. ಕೆಲಸ ಮುಗಿದಿದ್ದು ಇಂಟರಪ್ಟ್ ಮಾತ್ರ ಕಳೆದುಹೋಗಿರಬಹುದು. ಎನ್‌ವಿಎಂಇ ಡ್ರೈವರ್ ಟೈಮೌಟಿನಲ್ಲಿ ಮೊದಲು ಕಂಪ್ಲೀಶನ್ ಕ್ಯೂವನ್ನು ತಾನೇ ತಡಕಿ ನೋಡುತ್ತದೆ. ಸಿಕ್ಕರೆ ಲಾಗಿನಲ್ಲಿ ಹಾಗೆಂದು ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ಆ ಸಾಲು ಪದೇ ಪದೇ ಕಂಡರೆ ಡಿಸ್ಕನ್ನು ಬಿಟ್ಟು ಇಂಟರಪ್ಟಿನ ಹಾದಿಯನ್ನು ಅನುಮಾನಿಸಿ.

ಈಗ ನಿಮ್ಮ ಎಎಚ್‌ಸಿಐ ಡ್ರೈವರಿಗೆ ಬರೋಣ. ಟೈಮೌಟ್ ಆದ ಪೋರ್ಟಿಗೆ ಹೊಸ ಕಮಾಂಡ್ ಕೊಡುವುದನ್ನು ನಿಲ್ಲಿಸಿ. ಪೋರ್ಟ್ ಕಮಾಂಡ್ ರಿಜಿಸ್ಟರಿನ ಸ್ಟಾರ್ಟ್ ಬಿಟ್ ಇಳಿಸಿ, ‘ಕಮಾಂಡ್ ಲಿಸ್ಟ್ ಓಡುತ್ತಿದೆ’ ಎನ್ನುವ ಬಿಟ್ ಸೊನ್ನೆಯಾಗುವವರೆಗೆ ಕಾಯಿರಿ. ಅದಕ್ಕೆ ಕನಿಷ್ಠ 500 ಮಿಲಿಸೆಕೆಂಡ್ ಸಮಯ ಕೊಡಬೇಕು. ಸೊನ್ನೆಯಾದರೆ ಡಿಎಂಎ ಎಂಜಿನ್ ನಿಂತಿದೆ, ಇನ್ನು ನಿಮ್ಮ ಮೆಮೊರಿಯನ್ನು ಅದು ಮುಟ್ಟುವುದಿಲ್ಲ. ಕಂಟ್ರೋಲರ್ ನಿಂತಿತೆಂದರೆ ಡಿಸ್ಕೂ ಕಮಾಂಡನ್ನು ಮರೆತಿದೆ ಎಂದಲ್ಲ. ಮೇಲೆ ಹೇಳಿದ ಹಳೆಯ ಬರಹದ ಅಪಾಯ ಇರುವುದು ಡಿಸ್ಕಿನೊಳಗೆ. ಆದ್ದರಿಂದ ಲಿಂಕ್ ರೀಸೆಟ್ ಬೇಕು: ಸಾಟಾ ಕಂಟ್ರೋಲ್ ರಿಜಿಸ್ಟರಿನ ಡಿಟೆಕ್ಟ್ ಕ್ಷೇತ್ರಕ್ಕೆ 1 ಬರೆದು, ಕನಿಷ್ಠ 1 ಮಿಲಿಸೆಕೆಂಡ್ ಬಿಟ್ಟು 0 ಬರೆಯಿರಿ. ಸ್ಟೇಟಸ್ ರಿಜಿಸ್ಟರಿನಲ್ಲಿ ಅದೇ ಕ್ಷೇತ್ರ 3 ಆದರೆ ಲಿಂಕ್ ಎದ್ದಿದೆ. ಎರರ್ ರಿಜಿಸ್ಟರನ್ನು ಒರೆಸಿ, ಡಿಸ್ಕ್ ಬಿಝಿ ಬಿಟ್ ಇಳಿಸುವವರೆಗೆ ಕಾದು, ಆಮೇಲೆ ಪೋರ್ಟನ್ನು ಮತ್ತೆ ಶುರು ಮಾಡಿ. ಇಷ್ಟೂ ಆದ ಮೇಲೆಯೇ ಬಫರ್ ನಿಮ್ಮದು. ಬಿಡುಗಡೆ ಮಾಡುವುದೋ, ಮತ್ತೆ ಕಳಿಸುವುದೋ ಆಗ ಯೋಚಿಸಿ.

ಮತ್ತೆ ಕಳಿಸುವ ಮುನ್ನ ಐಡೆಂಟಿಫೈ ಕಮಾಂಡ್ ಕಳಿಸಿ ಸೀರಿಯಲ್ ನಂಬರ್ ತಾಳೆ ನೋಡುವುದನ್ನು ಮರೆಯಬೇಡಿ. ಲಿಂಕ್ ಬಿದ್ದು ಏಳುವಷ್ಟರಲ್ಲಿ ಯಾರೋ ಡಿಸ್ಕನ್ನೇ ಬದಲಾಯಿಸಿರಬಹುದು. ಹಳೆಯ ಡಿಸ್ಕಿಗೆ ಹೋಗಬೇಕಿದ್ದ ಬರಹ ಹೊಸ ಡಿಸ್ಕಿನ ಮೇಲೆ ಬಿದ್ದರೆ ಎರಡೂ ಹಾಳು. ರೀಸೆಟ್ಟಿನ ನಂತರ ಡಿಸ್ಕಿನ ಕೆಲವು ಸೆಟ್ಟಿಂಗುಗಳೂ ಮೊದಲಿನ ಸ್ಥಿತಿಗೆ ಮರಳಿರುತ್ತವೆ, ಅವನ್ನು ಮತ್ತೆ ಹೊಂದಿಸಬೇಕು.

ರೀಸೆಟ್ ಎಂದರೆ ಒಂದು ಕಮಾಂಡಿನ ಮೇಲೆ ಮಾಡುವ ಕ್ರಿಯೆಯಲ್ಲ. ಎನ್‌ಸಿಕ್ಯೂ (ಡಿಸ್ಕಿಗೆ ಹಲವು ಕಮಾಂಡುಗಳನ್ನು ಒಟ್ಟಿಗೆ ಕೊಡುವ ವಿಧಾನ) ಬಳಸಿದರೆ ಏಕಕಾಲಕ್ಕೆ 32 ಕಮಾಂಡುಗಳು ಡಿಸ್ಕಿನ ಕೈಯಲ್ಲಿರಬಹುದು. ಒಂದು ಕೆಟ್ಟರೆ ಡಿಸ್ಕ್ ಅಷ್ಟನ್ನೂ ಕೈಬಿಡುತ್ತದೆ. ಯಾವುದು ಕೆಟ್ಟಿತು ಎಂದು ತಿಳಿಯಲು ಲಾಗ್ ಪುಟ ಹೆಕ್ಸ್ 10 ಓದಬೇಕು, ಅದನ್ನು ಓದುವವರೆಗೆ ಡಿಸ್ಕ್ ಬೇರೆ ಓದು ಬರಹದ ಕಮಾಂಡುಗಳನ್ನು ಒಪ್ಪುವುದಿಲ್ಲ. ಉಳಿದ 31 ಕಮಾಂಡುಗಳದ್ದು ಏನೂ ತಪ್ಪಿಲ್ಲ. ಅವುಗಳ ರೀಟ್ರೈ ಲೆಕ್ಕವನ್ನು ಹೆಚ್ಚಿಸದೆ ಮತ್ತೆ ಕ್ಯೂಗೆ ಹಾಕಿ. ಇದನ್ನು ಮರೆತ ಡ್ರೈವರುಗಳಲ್ಲಿ ಒಂದು ಬ್ಯಾಡ್ ಸೆಕ್ಟರಿನ ಪಕ್ಕ ಕೂತ ತಪ್ಪಿಗೆ ಆರೋಗ್ಯವಾಗಿರುವ ಬರಹಗಳೂ ಫೇಲಾಗುತ್ತವೆ.

ದೊಡ್ಡ ಕರ್ನಲ್‌ಗಳು ಇದನ್ನು ಮೆಟ್ಟಿಲುಗಳಾಗಿ ಕಟ್ಟಿವೆ. ಲಿನಕ್ಸಿನ ಸ್ಕಸಿ ಪದರ ಮೊದಲು ಆ ಒಂದು ಕಮಾಂಡನ್ನು ರದ್ದು ಮಾಡಲು ಹೇಳುತ್ತದೆ. ಆಗದಿದ್ದರೆ ಆ ಡಿಸ್ಕ್ ರೀಸೆಟ್, ಆಮೇಲೆ ಟಾರ್ಗೆಟ್, ಆಮೇಲೆ ಬಸ್, ಕೊನೆಗೆ ಇಡೀ ಹೋಸ್ಟ್ ಅಡಾಪ್ಟರ್. ಅದಕ್ಕೂ ಬಗ್ಗದಿದ್ದರೆ ಡಿಸ್ಕನ್ನು ಆಫ್‌ಲೈನ್ ಎಂದು ಬರೆದು ಬಿಟ್ಟುಬಿಡುತ್ತದೆ. ಮೇಲೆ ಹತ್ತಿದಂತೆ ಹೆಚ್ಚು ಜನ ನೋಯುತ್ತಾರೆ, ಅದಕ್ಕೇ ಈ ಕ್ರಮ. ಇದೆಲ್ಲ ನಡೆಯುವುದು ಹೋಸ್ಟಿಗೊಂದರಂತೆ ಇರುವ ಪ್ರತ್ಯೇಕ ಥ್ರೆಡ್ಡಿನಲ್ಲಿ, ಏಕೆಂದರೆ ಇಂಟರಪ್ಟ್ ಹ್ಯಾಂಡ್ಲರಿನಲ್ಲಿ ಮಲಗಿ ಕಾಯಲು ಬರುವುದಿಲ್ಲ. ನಿಮ್ಮ ಕರ್ನಲ್ಲಿನಲ್ಲೂ ಪೋರ್ಟಿಗೊಂದು ರಿಕವರಿ ಥ್ರೆಡ್ ಮಾಡಿ.

ಲಿನಕ್ಸ್ ಏಕೆ ನಿಮಿಷಗಟ್ಟಲೆ ನಿಂತಿತು ಎಂಬುದಕ್ಕೆ ಇಲ್ಲಿ ಉತ್ತರವಿದೆ. ಡಿಸ್ಕ್ ಕಮಾಂಡಿನ ಟೈಮೌಟ್ ಅಲ್ಲಿ 30 ಸೆಕೆಂಡ್, ರೀಟ್ರೈ ಮಿತಿ 5. ಮೊದಲ ಪ್ರಯತ್ನವೂ ಸೇರಿ ಆರು ಸಲ 30 ಸೆಕೆಂಡ್ ಎಂದರೆ ಮೂರು ನಿಮಿಷ, ನಡುವಿನ ರೀಸೆಟ್ಟುಗಳ ಸಮಯ ಬೇರೆ. ಅಕ್ಕಪಕ್ಕದಲ್ಲಿ ನಾಲ್ಕು ಸೆಕ್ಟರ್ ಕೆಟ್ಟಿದ್ದರೆ ನೀವೇ ಗುಣಿಸಿಕೊಳ್ಳಿ. ರಿಕವರಿ ಶುರುವಾಗಬೇಕಾದರೆ ಆ ಹೋಸ್ಟಿನಲ್ಲಿ ಬಾಕಿ ಇರುವ ಕಮಾಂಡುಗಳೆಲ್ಲ ಒಂದೋ ಮುಗಿಯಬೇಕು ಇಲ್ಲವೇ ಟೈಮೌಟ್ ಆಗಬೇಕು, ಅಷ್ಟು ಹೊತ್ತು ಹೊಸದಕ್ಕೆ ಪ್ರವೇಶವಿಲ್ಲ. ಎಎಚ್‌ಸಿಐನಲ್ಲಿ ಲಿನಕ್ಸ್ ಪ್ರತಿ ಪೋರ್ಟನ್ನೂ ಬೇರೆ ಹೋಸ್ಟ್ ಎಂದೇ ಎಣಿಸುವುದರಿಂದ ಪಕ್ಕದ ಡಿಸ್ಕಿಗೆ ತೊಂದರೆಯಿಲ್ಲ. ಆದರೆ ಹತ್ತಾರು ಡಿಸ್ಕುಗಳು ಒಂದೇ ಅಡಾಪ್ಟರಿನಡಿ ಇದ್ದರೆ ಒಂದರ ಕಾಯಿಲೆಗೆ ಎಲ್ಲವೂ ಹಾಸಿಗೆ ಹಿಡಿಯುತ್ತವೆ. ಸ್ವಾಪ್ ಅಥವಾ ರೂಟ್ ಫೈಲ್ ಸಿಸ್ಟಮ್ ಅದೇ ಡಿಸ್ಕಿನಲ್ಲಿದ್ದರಂತೂ ಇಡೀ ಮೆಷಿನ್ ನಿಂತಂತೆಯೇ ಕಾಣುತ್ತದೆ.

ಇದರ ಹಿಂದೆ ಒಂದು ಹೊಂದಾಣಿಕೆಯ ತಪ್ಪಿದೆ. ಡೆಸ್ಕ್‌ಟಾಪ್ ಡಿಸ್ಕ್ ತನ್ನಲ್ಲಿರುವ ಪ್ರತಿಯೇ ಕೊನೆಯದು ಎಂದು ಭಾವಿಸಿ, ಒಂದು ಸೆಕ್ಟರಿಗಾಗಿ 30 ಸೆಕೆಂಡ್ ಮೀರಿಯೂ ಹೆಣಗಬಹುದು. ಡ್ರೈವರ್ 30ಕ್ಕೆ ತಾಳ್ಮೆ ಕಳೆದುಕೊಂಡು ರೀಸೆಟ್ ಮಾಡುತ್ತದೆ. ಡಿಸ್ಕ್ ಮತ್ತೆ ಮೊದಲಿನಿಂದ ಶುರು. ‘ಈ ಸೆಕ್ಟರ್ ಹೋಯಿತು’ ಎಂಬ ಸ್ಪಷ್ಟ ಉತ್ತರ ಬರುವುದೇ ಇಲ್ಲ. ರೇಡ್ (ಹಲವು ಡಿಸ್ಕುಗಳನ್ನು ಸೇರಿಸಿ ಡೇಟಾ ಕಾಪಾಡುವ ಏರ್ಪಾಡು) ಇದ್ದರೆ ಪರಿಣಾಮ ಇನ್ನೂ ಕೆಟ್ಟದ್ದು. ಸ್ಪಷ್ಟ ಎರರ್ ಬಂದಿದ್ದರೆ ರೇಡ್ ಇನ್ನೊಂದು ಡಿಸ್ಕಿನಿಂದ ಡೇಟಾ ತಂದು ಕೆಟ್ಟ ಸೆಕ್ಟರಿನ ಮೇಲೆ ಬರೆದು ಸರಿ ಮಾಡುತ್ತಿತ್ತು. ಮೌನದಿಂದಾಗಿ ಇಡೀ ಡಿಸ್ಕೇ ಹೊರಬೀಳುತ್ತದೆ. ಅದಕ್ಕಾಗಿ ಡಿಸ್ಕಿನ ಒಳಗಿನ ಪ್ರಯತ್ನಕ್ಕೆ ಗಡುವು ಹಾಕುವ ಎಸ್‌ಸಿಟಿ ಇಆರ್‌ಸಿ ಎಂಬ ಸೌಲಭ್ಯವಿದೆ. ಸ್ಮಾರ್ಟ್‌ಸಿಟಿಎಲ್ ಆಜ್ಞೆಯಲ್ಲಿ 70 ಎಂದು ಕೊಟ್ಟರೆ 7 ಸೆಕೆಂಡ್. ಆ ಸೌಲಭ್ಯವಿಲ್ಲದ ಡಿಸ್ಕಾದರೆ ಡ್ರೈವರಿನ ಟೈಮೌಟನ್ನೇ ಮೂರು ನಿಮಿಷದಷ್ಟು ಹೆಚ್ಚಿಸುವುದು ವಾಸಿ. ವಿಚಿತ್ರವೆನಿಸಬಹುದು, ಆದರೆ ಕಾದು ಪಡೆದ ಸ್ಪಷ್ಟ ಎರರ್ ಬೇಗ ಸಿಕ್ಕ ಗೊಂದಲಕ್ಕಿಂತ ಎಷ್ಟೋ ಮೇಲು. ನಿಮ್ಮ ಐದು ಸೆಕೆಂಡ್ ಯಾವ ಲೆಕ್ಕದಲ್ಲಿ ನೋಡಿದರೂ ಕಡಿಮೆ. ನಿದ್ದೆಯಲ್ಲಿರುವ ಡಿಸ್ಕ್ ತಿರುಗಿ ವೇಗ ಹಿಡಿಯಲೇ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು.

ಇನ್ನು ರೀಟ್ರೈ ಎಷ್ಟು ಸಲ ಎಂಬ ಪ್ರಶ್ನೆ. ಈ ಪ್ರಶ್ನೆಗೆ ಬಹಳ ಹಿಂದಿನ ಉತ್ತರವೊಂದು ನನಗೆ ತುಂಬ ಇಷ್ಟ. 1975ರ ಆರನೇ ಆವೃತ್ತಿಯ ಯುನಿಕ್ಸಿನಲ್ಲಿ ಪಿಡಿಪಿ-11 ಕಂಪ್ಯೂಟರಿನ ಆರ್‌ಕೆ05 ಡಿಸ್ಕಿನ ಡ್ರೈವರ್ ಒಂದೆರಡು ಪುಟಕ್ಕಿಂತ ಹೆಚ್ಚೇನಿಲ್ಲ. ಇಂಟರಪ್ಟ್ ಬಂದಾಗ ಎರರ್ ಬಿಟ್ ಏರಿದ್ದರೆ ಅದು ಕನ್ಸೋಲಿನಲ್ಲಿ ರಿಜಿಸ್ಟರುಗಳನ್ನು ಅಚ್ಚು ಹಾಕುತ್ತದೆ, ಕಂಟ್ರೋಲರನ್ನು ರೀಸೆಟ್ ಮಾಡುತ್ತದೆ, ಅದು ಸಿದ್ಧವಾಗುವವರೆಗೆ ಅಲ್ಲೇ ಸುತ್ತುತ್ತ ಕಾಯುತ್ತದೆ, ಎರರ್ ಎಣಿಕೆ 10 ದಾಟಿಲ್ಲವಾದರೆ ಮತ್ತೆ ಶುರು ಮಾಡುತ್ತದೆ. ದಾಟಿದರೆ ಬಫರಿನ ಮೇಲೆ ಎರರ್ ಗುರುತು ಹಾಕಿ ಬಿಡುತ್ತದೆ. ಕ್ರಮ ನೋಡಿ: ಮೊದಲು ವರದಿ, ಆಮೇಲೆ ರೀಸೆಟ್, ಆಮೇಲೆ ರೀಟ್ರೈ, ಕೊನೆಗೆ ಮೇಲಿನವರಿಗೆ ಸತ್ಯ ಹೇಳುವುದು. ಆದರೆ ಉತ್ತರವೇ ಬರದಿದ್ದರೆ ಎಂಬ ಯೋಚನೆ ಅದರಲ್ಲಿಲ್ಲ, ಟೈಮರೇ ಇಲ್ಲ. ಆಗಿನ ಡಿಸ್ಕಿಗೆ ತನ್ನದೇ ಬುದ್ಧಿ ಇರಲಿಲ್ಲವಾದ್ದರಿಂದ ಹತ್ತು ಸಲ ಎಂಬುದಕ್ಕೂ ಅರ್ಥವಿತ್ತು. ಧೂಳಿನಿಂದಲೋ ಹೆಡ್ ಸ್ಥಾನ ತುಸು ತಪ್ಪಿದ್ದರಿಂದಲೋ ಬಂದ ಎರರ್ ಮರುಪ್ರಯತ್ನದಲ್ಲಿ ಹೋಗುತ್ತಿತ್ತು.

ಇಂದಿನ ಡಿಸ್ಕ್ ‘ಓದಲಾಗಲಿಲ್ಲ’ ಎಂದು ಹೇಳುವ ಹೊತ್ತಿಗೆ ತಾನೇ ನೂರಾರು ಸಲ ಪ್ರಯತ್ನಿಸಿ ಆಗಿರುತ್ತದೆ. ಅದರ ಮೇಲೆ ನಿಮ್ಮ ಮೂರು, ಫೈಲ್ ಸಿಸ್ಟಮಿನ ಎರಡು, ಅಪ್ಲಿಕೇಶನ್ನಿನ ಮೂರು ಎಂದು ಗುಣಿಸುತ್ತ ಹೋದರೆ ಸಾಯುತ್ತಿರುವ ಡಿಸ್ಕನ್ನು ನಾವೇ ಬೇಗ ಸಾಯಿಸಿದಂತೆ. ಲಿನಕ್ಸ್ ಇಲ್ಲಿ ಖಡಕ್ಕಾಗಿದೆ: ಎರರಿನ ವರ್ಗ ಹೇಳುವ ಸ್ಕಸಿಯ ಸೆನ್ಸ್ ಕೀ 3, ಅಂದರೆ ಮಾಧ್ಯಮದ ಎರರ್, ಜೊತೆಗೆ ‘ಸರಿಪಡಿಸಲಾಗದ ಓದು’ ಎಂಬ ಹೆಕ್ಸ್ 11 ಕೋಡ್ ಬಂದರೆ ಒಮ್ಮೆಯೂ ರೀಟ್ರೈ ಮಾಡುವುದಿಲ್ಲ. ಸಾಟಾದಲ್ಲಿ ಎರರ್ ರಿಜಿಸ್ಟರಿನ ಯುಎನ್‌ಸಿ ಬಿಟ್, ಅಂದರೆ ಆರನೇ ಬಿಟ್, ಏರಿದ್ದರೂ ಅಷ್ಟೇ. ಮಾಡಬೇಕಾದ ಕೆಲಸ ಬೇರೆ ಇದೆ. ಮೊದಲ ಕೆಟ್ಟ ಸೆಕ್ಟರಿನ ಎಲ್‌ಬಿಎಯನ್ನು ಡಿಸ್ಕ್ ಹೇಳಿರುತ್ತದೆ. ಅದಕ್ಕಿಂತ ಹಿಂದಿನ ಭಾಗ ಚೆನ್ನಾಗಿದೆ ಎಂದು ಮೇಲಕ್ಕೆ ಕೊಡಿ, ಆ ಸೆಕ್ಟರನ್ನು ಮಾತ್ರ ಫೇಲ್ ಮಾಡಿ. ಒಂದು ಸೆಕ್ಟರಿಗಾಗಿ ಒಂದು ಮೆಗಾಬೈಟಿನ ಕೋರಿಕೆಯನ್ನೇ ಎಸೆಯಬೇಡಿ.

ಬೇರೆ ಎರರುಗಳ ಸ್ವಭಾವವೇ ಬೇರೆ. ಏಳನೇ ಬಿಟ್, ಅಂದರೆ ಸಿಆರ್‌ಸಿ ಎರರ್, ಏರಿದ್ದರೆ ಡೇಟಾ ಕೆಟ್ಟಿದ್ದು ಕೇಬಲಿನಲ್ಲಿ. ತಕ್ಷಣ ಮತ್ತೆ ಕಳಿಸಿ, ಬಹುಪಾಲು ಗೆಲ್ಲುತ್ತದೆ. ಪದೇ ಪದೇ ಬಂದರೆ ಲಿಂಕ್ ವೇಗವನ್ನು 6 ಗಿಗಾಬಿಟ್ಟಿನಿಂದ 3ಕ್ಕೆ, ಆಮೇಲೆ 1.5ಕ್ಕೆ ಇಳಿಸಿ. ಲಿನಕ್ಸ್ ಮಾಡುವುದೂ ಇದನ್ನೇ. ‘ಇನ್ನೂ ಸಿದ್ಧವಿಲ್ಲ, ಸಿದ್ಧವಾಗುತ್ತಿದ್ದೇನೆ’ ಎಂದರೆ ಕಾಯಿರಿ, ಅದನ್ನು ವಿಫಲ ಪ್ರಯತ್ನವೆಂದು ಎಣಿಸಬೇಡಿ. ಸ್ಕಸಿಯಲ್ಲಿ ಯೂನಿಟ್ ಅಟೆನ್ಶನ್ ಬಂದರೆ ಡಿಸ್ಕ್ ಏನೋ ಸಮಾಚಾರ ಹೇಳುತ್ತಿದೆ, ಉದಾಹರಣೆಗೆ ‘ನಾನು ರೀಸೆಟ್ ಆದೆ’ ಎಂದು. ಕೇಳಿಸಿಕೊಂಡು ಮತ್ತೆ ಕಳಿಸಿ. ಕಮಾಂಡೇ ತಪ್ಪು ಎಂದರೆ ಸಾವಿರ ಸಲ ಕಳಿಸಿದರೂ ತಪ್ಪೇ, ದೋಷ ನಿಮ್ಮ ಕೋಡಿನಲ್ಲಿದೆ. ಎನ್‌ವಿಎಂಇಯಲ್ಲಿ ಡಿಸ್ಕೇ ‘ಮತ್ತೆ ಕಳಿಸಬೇಡ’ ಎಂದು ಹೇಳಲು ಒಂದು ಬಿಟ್ ಇದೆ. ಇಂಥ ನಿರ್ಧಾರ ಡಿಸ್ಕಿನಿಂದಲೇ ಬರುವುದು ನನಗೆ ಸರಿಯಾದ ದಾರಿಯೆನಿಸುತ್ತದೆ.

ಕೆಟ್ಟ ಸೆಕ್ಟರಿನ ಮೇಲೆ ಸೊನ್ನೆ ಬರೆದು ಡಿಸ್ಕನ್ನು ವಾಸಿ ಮಾಡೋಣವೇ ಎಂದು ಕೆಲವರಿಗೆ ಅನಿಸುತ್ತದೆ. ಬರೆದರೆ ಡಿಸ್ಕ್ ಆ ಸೆಕ್ಟರನ್ನು ಪರೀಕ್ಷಿಸಿ, ಬೇಕಿದ್ದರೆ ಮೀಸಲು ಜಾಗಕ್ಕೆ ಬದಲಿಸುವುದು ನಿಜ. ಓದುವಾಗ ಡಿಸ್ಕ್ ತಾನಾಗಿ ಬದಲಿಸದಿರುವುದಕ್ಕೆ ಕಾರಣವಿದೆ: ಹಳೆಯ ಡೇಟಾ ಸಿಗುವ ಕೊನೆಯ ಆಸೆಯೂ ಆಗ ಹೋಗುತ್ತದೆ. ಆ ಡೇಟಾ ಬೇರೆಲ್ಲಾದರೂ ಇದೆಯೋ ಇಲ್ಲವೋ ಡ್ರೈವರಿಗೆ ಗೊತ್ತಿಲ್ಲ. ರೇಡ್ ಪದರಕ್ಕೆ ಗೊತ್ತು, ಫೈಲ್ ಸಿಸ್ಟಮಿಗೆ ಗೊತ್ತಿರಬಹುದು. ಆ ಹಕ್ಕು ಅವರದ್ದು. ಇಂಥ ಸೆಕ್ಟರುಗಳು ಅಪರೂಪವೇನಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ 15.3 ಲಕ್ಷ ಡಿಸ್ಕುಗಳನ್ನು 32 ತಿಂಗಳು ಗಮನಿಸಿ, 3.45 ಶೇಕಡಾ ಡಿಸ್ಕುಗಳಲ್ಲಿ ಇವು ಹುಟ್ಟಿಕೊಂಡದ್ದನ್ನು ಕಂಡಿತು.

ರೀಸೆಟ್ ಯಶಸ್ವಿಯಾಯಿತೆಂದು ನಿರಾಳವಾಗುವ ಮುನ್ನ ನನಗೇ ಆದ ಒಂದು ಅನುಭವ ಹೇಳಬೇಕು. ಒಂದು ಸರ್ವರಿನಲ್ಲಿ ದಿನಕ್ಕೆ ಒಂದೆರಡು ಸಲ ಲಿಂಕ್ ಬಿದ್ದು ಮರುಕ್ಷಣವೇ ಪೂರ್ತಿ ವೇಗಕ್ಕೆ ಏಳುತ್ತಿತ್ತು. ಡ್ರೈವರ್ ಪ್ರತಿ ಸಲ ಅಚ್ಚುಕಟ್ಟಾಗಿ ಚೇತರಿಸಿಕೊಳ್ಳುತ್ತಿತ್ತು, ಅಪ್ಲಿಕೇಶನ್ನಿಗೆ ಒಂದೂ ಎರರ್ ಇಲ್ಲ. ಆದರೂ ಫೈಲ್ ಸಿಸ್ಟಮ್ ಕೆಡುತ್ತಿತ್ತು. ಡೇಟಾ ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಕೊನೆಗೆ ಸ್ಮಾರ್ಟ್ ಪಟ್ಟಿಯನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಸಾಲು ಸಾಲಾಗಿ ಹೋಲಿಸಿದಾಗ, 199ನೇ ಗುಣ, ಅಂದರೆ ಸಿಆರ್‌ಸಿ ಎಣಿಕೆ, ಅಲ್ಲಾಡಿರಲಿಲ್ಲ. 12ನೆಯದು, ಪವರ್ ಸೈಕಲ್ ಎಣಿಕೆ, ಲಿಂಕ್ ಬಿದ್ದಾಗೆಲ್ಲ ಒಂದೊಂದು ಹೆಚ್ಚಾಗಿತ್ತು. ಸರ್ವರ್ ಮಾತ್ರ ತಿಂಗಳಿಂದ ರೀಬೂಟ್ ಆಗಿರಲಿಲ್ಲ. ಡಿಸ್ಕಿನ ಪವರ್ ಕನೆಕ್ಟರ್ ಸಡಿಲವಾಗಿತ್ತು.

ಇದು ಏಕೆ ಅಷ್ಟು ಅಪಾಯ? ಡಿಸ್ಕ್ ‘ಬರೆದೆ’ ಎಂದಾಗ ಆ ಡೇಟಾ ಅದರ ರೈಟ್ ಕ್ಯಾಶಿನಲ್ಲಿರಬಹುದು. ವಿದ್ಯುತ್ ಹೋದರೆ ಅದೂ ಹೋಯಿತು. ಲಿಂಕ್ ಎದ್ದ ಮೇಲೆ ಫೈಲ್ ಸಿಸ್ಟಮ್ ಫ್ಲಶ್ (ಕ್ಯಾಶಿನಲ್ಲಿರುವುದನ್ನು ಡಿಸ್ಕಿಗೆ ಬರೆ ಎಂಬ ಕಮಾಂಡ್) ಕಳಿಸುತ್ತದೆ, ಖಾಲಿಯಾದ ಕ್ಯಾಶ್ ಇರುವ ಡಿಸ್ಕ್ ‘ಆಯಿತು’ ಎನ್ನುತ್ತದೆ. ಫ್ಲಶ್‌ಗೆ ಮುಂಚಿನದ್ದೆಲ್ಲ ಭದ್ರ ಎಂದು ಫೈಲ್ ಸಿಸ್ಟಮ್ ನಂಬುತ್ತದೆ. ಇದನ್ನು ತಪ್ಪಿಸಲು ನಿಮ್ಮ ಡ್ರೈವರಿನಲ್ಲಿ ಒಂದು ಸಣ್ಣ ಏರ್ಪಾಡು ಮಾಡಿ: ನೀವು ಕೇಳದೆಯೇ ಲಿಂಕ್ ಬಿದ್ದು ಎದ್ದಿದ್ದರೆ, ಮುಂದೆ ಬರುವ ಮೊದಲ ಫ್ಲಶನ್ನು ಎರರ್ ಕೊಟ್ಟು ಹಿಂದಿರುಗಿಸಿ. ಹಿಂದಿನ ಫ್ಲಶಿನ ನಂತರದ ಬರಹಗಳ ಬಗ್ಗೆ ಭರವಸೆ ಕೊಡಲಾಗದು ಎಂದು ಮೇಲಿನವರಿಗೆ ತಿಳಿಸುವ ದಾರಿ ಅದೊಂದೇ. ಕೆಲವೊಮ್ಮೆ ಸುಮ್ಮನೆ ಗಾಬರಿ ಮಾಡಿದಂತಾಗಬಹುದು. ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಬರಹದ ಎರರ್ ಕಳೆದುಹೋಗುವುದು ಡ್ರೈವರಿನಲ್ಲಿ ಮಾತ್ರವಲ್ಲ. 2008ರಲ್ಲಿ ಸಂಶೋಧಕರು ಲಿನಕ್ಸಿನ ಫೈಲ್ ಸಿಸ್ಟಮುಗಳನ್ನೂ ಕೆಲವು ಸ್ಟೋರೇಜ್ ಡ್ರೈವರುಗಳನ್ನೂ ಜಾಲಾಡಿದಾಗ, ಎರರ್ ಕೋಡ್ ಹಾದುಹೋಗುವ 9022 ಕರೆಗಳಲ್ಲಿ 1153 ಕರೆಗಳು ಆ ಕೋಡನ್ನು ದಾರಿಯಲ್ಲೇ ಬೀಳಿಸುತ್ತಿದ್ದವು. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಕಂಡುಕೊಂಡದ್ದು ಇನ್ನೂ ತಳಮಳ ಹುಟ್ಟಿಸುವಂಥದ್ದು. ಹಿನ್ನೆಲೆಯಲ್ಲಿ ಡಿಸ್ಕಿಗೆ ಬರೆಯುವಾಗ ಎರರ್ ಬಂದರೆ ಲಿನಕ್ಸ್ ಆ ಪೇಜನ್ನು ‘ಬರೆದಾಗಿದೆ’ ಎಂದೇ ಗುರುತು ಹಾಕುತ್ತಿತ್ತು. ಮೊದಲ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸು ಎಂಬ ಕರೆ) ಎರರ್ ಹೇಳುತ್ತಿತ್ತು, ಎರಡನೆಯದು ಯಶಸ್ವಿ ಎನ್ನುತ್ತಿತ್ತು. ಮತ್ತೆ ಪ್ರಯತ್ನಿಸಿ ಗೆದ್ದೆವು ಎಂದು ಡೇಟಾಬೇಸ್ ತಿಳಿಯುತ್ತಿತ್ತು, ಡೇಟಾ ಡಿಸ್ಕಿಗೆ ತಲುಪಿರಲೇ ಇಲ್ಲ. 2019ರ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್, ಎಫ್‌ಸಿಂಕ್ ಒಮ್ಮೆ ಸೋತರೆ ರೀಟ್ರೈ ಮಾಡದೆ ತನ್ನನ್ನೇ ನಿಲ್ಲಿಸಿಕೊಂಡು ಲಾಗಿನಿಂದ ಎಲ್ಲವನ್ನೂ ಮತ್ತೆ ಕಟ್ಟುತ್ತದೆ. ನಿಮ್ಮ ಕರ್ನಲ್ಲಿನಲ್ಲಿ ಪೇಜ್ ಕ್ಯಾಶ್ ಬರೆಯುವ ದಿನ ಇದನ್ನು ನೆನಪಿಡಿ.

ಇನ್ನೊಂದು ವಿಷಯ ಚುಟುಕಾಗಿ. ರಿಕವರಿ ದಾರಿಯಲ್ಲಿ ಹೊಸದಾಗಿ ಮೆಮೊರಿ ಕೇಳಬೇಡಿ. ಮೆಮೊರಿ ಖಾಲಿಯಾಗಿದ್ದರೆ ಕರ್ನಲ್ ಪೇಜುಗಳನ್ನು ಡಿಸ್ಕಿಗೆ ಬರೆದು ಜಾಗ ಮಾಡಲು ಹೋಗುತ್ತದೆ, ಆ ಡಿಸ್ಕ್ ನೀವು ಈಗ ರೀಸೆಟ್ ಮಾಡುತ್ತಿರುವುದೇ ಆಗಿರುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂರುತ್ತಾರೆ. ಬೇಕಾದ ಬಫರುಗಳನ್ನು ಡ್ರೈವರ್ ಶುರುವಾಗುವಾಗಲೇ ತೆಗೆದಿಡಿ.

ಇಷ್ಟನ್ನೂ ಪರೀಕ್ಷಿಸುವುದು ಹೇಗೆ? ಹಳೆಯ ಡಿಸ್ಕನ್ನು ನೆಚ್ಚಬೇಡಿ, ಅದು ಒಂದೇ ರೀತಿ ಎರಡು ಸಲ ಕೆಡುವುದಿಲ್ಲ. ನಿಮ್ಮ ಕರ್ನಲ್ ಕ್ಯೂಎಮು ಎಂಬ ಎಮ್ಯುಲೇಟರಿನ ಒಳಗೆ ಓಡುತ್ತಿದ್ದರೆ ಅದರ ಬಿಎಲ್‌ಕೆಡಿಬಗ್ ಬೇಕಾದ ಸೆಕ್ಟರಿನಲ್ಲಿ ಬೇಕಾದ ಎರರ್ ಹುಟ್ಟಿಸಿ ಕೊಡುತ್ತದೆ. ಲಿನಕ್ಸಿನಲ್ಲಾದರೆ ಡಿಎಂ-ಫ್ಲೇಕಿ, ಡಿಎಂ-ಡಸ್ಟ್, ಸ್ಕಸಿ-ಡಿಬಗ್ ಇವೆ. ಮೌನ ಹುಟ್ಟಿಸುವುದಕ್ಕೆ ನಾನು ಬಳಸುವ ಉಪಾಯ ಇನ್ನೂ ಸರಳ: ಕ್ಯೂಎಮುವಿನ ಡ್ರೈವಿಗೆ ಸೆಕೆಂಡಿಗೆ ಒಂದೇ ಐಒ ಎಂಬ ಮಿತಿ ಹಾಕಿ, ಒಟ್ಟಿಗೆ 32 ಓದುಗಳನ್ನು ಕಳಿಸಿ. ಕೊನೆಯದಕ್ಕೆ ಉತ್ತರ ಬರಲು ಅರ್ಧ ನಿಮಿಷ ಬೇಕು. ನಿಮ್ಮ ಈಗಿನ ಐದು ಸೆಕೆಂಡಿನ ಟೈಮೌಟ್ ಹಾಗೇ ಇರಲಿ, ಬಹುಪಾಲು ಕಮಾಂಡುಗಳು ಟೈಮೌಟ್ ಆಗಿ ತಡವಾದ ಡಿಎಂಎ ಸಾಲುಗಟ್ಟಿ ಬರುತ್ತದೆ. ಬಫರ್ ಬಿಡುಗಡೆ ಮಾಡುವ ಜಾಗದಲ್ಲಿ ಅದನ್ನು ಅಲೊಕೇಟರಿಗೆ ಕೊಡುವ ಬದಲು ಒಂದು ಗುರುತಿನ ಪ್ಯಾಟರ್ನ್ ತುಂಬಿ, ಒಂದು ನಿಮಿಷ ಪಕ್ಕಕ್ಕಿಟ್ಟು, ಆಮೇಲೆ ತೆರೆದು ನೋಡಿ. ಇವತ್ತಿನ ಕೋಡಿನಲ್ಲಿ ಪ್ಯಾಟರ್ನ್ ಕೆಟ್ಟಿರುತ್ತದೆ. ಪೋರ್ಟ್ ನಿಲ್ಲಿಸಿ ರೀಸೆಟ್ ಮಾಡಿದ ಮೇಲೆಯೇ ಬಿಡುವಂತೆ ತಿದ್ದಿದ ಮೇಲೂ ಎಲ್ಲೋ ಒಂದು ಬಫರ್ ಕೆಟ್ಟು ಕಂಡರೆ, ಟೈಮರಿನ ದಾರಿ ಬಿಟ್ಟು ಇಂಟರಪ್ಟ್ ಹ್ಯಾಂಡ್ಲರಿನಲ್ಲಿ ಹುಡುಕಿ. ಒಂದು ಕಮಾಂಡ್ ಕೆಟ್ಟಾಗ ಜೊತೆಯ ಕಮಾಂಡುಗಳ ಬಫರನ್ನೂ ಅಲ್ಲಿ ಬಿಟ್ಟಿರುತ್ತೀರಿ.